ಮುಕ್ಕೊಂಬನ ಮುಯ್ಯಿ

ಬಹುಕಾಲದ ಹಿಂದೆ, ಮೋಡಗಳು ಕೂಡ ಸುಂಕ ಕೊಟ್ಟೇ ಗಡಿ ದಾಟಬೇಕಾಗಿದ್ದ ಒಂದು ರಾಜ್ಯದಲ್ಲಿ ಏಳು ಮೆಟ್ಟಿಲುಗಳ ಬೆಟ್ಟವೊಂದಿತ್ತು. ಒಂದೊಂದು ಮೆಟ್ಟಿಲೂ ಒಂದೊಂದು ಹೊಲ. ಸುಂಕ ತಪ್ಪಿಸಿಕೊಳ್ಳಲು ಮೋಡಗಳು ಗಡಿಯಲ್ಲಿದ್ದ ಆ ಬೆಟ್ಟವನ್ನು ಸುತ್ತುಬಳಸಿ ಹೋಗುತ್ತಿದ್ದುದರಿಂದ ಅಲ್ಲಿ ಮಳೆ ಅಪರೂಪವಾಗಿತ್ತು. ಬುಡದ ತೊರೆಯಿಂದ ಕೊಡಗಳಲ್ಲಿ ನೀರು ಹೊತ್ತು ತಂದು ಬೆಳೆ ಬೆಳೆಯಬೇಕಾಗಿತ್ತು.

ಆ ಬೆಟ್ಟ ದೇಕಬ್ಬೆ ಮತ್ತು ಅವಳ ಗಂಡ ಬೊಪ್ಪಣ್ಣನದು. ಅವರಿಗೆ ಮಾಚಲೆ ಎಂಬ ಮಗಳು, ಬೂತುಗ ಎಂಬ ಮಗ. ದೇಕಬ್ಬೆ ಶಿಸ್ತಿನ ಹೆಂಗಸು. ಗುದ್ದಲಿಯನ್ನು ತೊಳೆಯದೆ ಮೂಲೆಗಿಟ್ಟವರಿಗೆ ಅವಳ ಮನೆಯಲ್ಲಿ ಊಟವಿರಲಿಲ್ಲ.

ಬೆಟ್ಟದ ನೆತ್ತಿಯಲ್ಲಿ ಧೂಮ್ರಕೇಶನೆಂಬ ಮಾಂತ್ರಿಕನಿದ್ದ. ಅವನ ತಲೆಯಲ್ಲಿ ಕೂದಲಿನ ಬದಲು ಹೊಗೆ ಬೆಳೆಯುತ್ತಿತ್ತು. ಹೊಸ ತೆನೆಯ ಹಬ್ಬದ ದಿನ ಯಾವ ಮೆಟ್ಟಿಲು ಹಸಿರಾಗಿರುವುದಿಲ್ಲವೋ ಅದು ಕರಿಬಂಡೆಯಾಗಿ ತನಗೆ ಸೇರಬೇಕೆಂದು ಅವನು ಮಂತ್ರ ಹಾಕಿದ್ದ. ಮೇಲಿನ ಮೂರು ಮೆಟ್ಟಿಲುಗಳು ಆಗಲೇ ಬಂಡೆಯಾಗಿದ್ದವು. ನಾಲ್ಕನೆಯದರ ಮೇಲೆ ದೇಕಬ್ಬೆಯ ಮನೆಯಿತ್ತು. ಈ ವರ್ಷ ಅದರ ಪೈರೂ ಬಾಡತೊಡಗಿತ್ತು.

ಒಂದು ಬೆಳಿಗ್ಗೆ ಮಾಚಲೆ ಕೊಡವನ್ನು ಕೆಳಗಿಟ್ಟು ಹೇಳಿದಳು: "ಅಪ್ಪಾ, ತೊರೆಯಲ್ಲಿ ಒಂದು ದೊಡ್ಡ ಚಕ್ರ ನಿಲ್ಲಿಸೋಣ. ಅದರ ಅಂಚಿಗೆ ಕುಡಿಕೆಗಳನ್ನು ಕಟ್ಟೋಣ. ತೊರೆಯೇ ಚಕ್ರ ತಿರುಗಿಸುತ್ತದೆ, ಚಕ್ರವೇ ನೀರು ಎತ್ತುತ್ತದೆ."

"ನನ್ನ ಅಪ್ಪ ತಲೆಯ ಮೇಲೆ ಹೊತ್ತ. ಅವನ ಅಪ್ಪನೂ ಹೊತ್ತ," ಎಂದ ಬೊಪ್ಪಣ್ಣ.

"ಅದಕ್ಕೇ ನಿಮ್ಮ ವಂಶದಲ್ಲಿ ಎಲ್ಲರ ನಡುನೆತ್ತಿಯೂ ಬೋಳು," ಎಂದಳು ದೇಕಬ್ಬೆ. "ಚಕ್ರ ಮಾಡೋಣ. ಮಾಡಿದರೆ ಸರಿಯಾಗಿ ಮಾಡಬೇಕು."

ಬೊಪ್ಪಣ್ಣ ಮರ ಕೊಯ್ದ. ಮಾಚಲೆ ಅಳತೆ ಹಿಡಿದಳು. ಬೂತುಗ ಬಿದಿರು ಸೀಳಿ ಕಾಲುವೆ ಮಾಡಿದ. ಕುಡಿಕೆಗಳನ್ನು ಕಟ್ಟಿದವಳು ದೇಕಬ್ಬೆ; ಒಂದು ಗಂಟೂ ಸಡಿಲವಿರಲಿಲ್ಲ. ಮನೆಗಿಂತಲೂ ಎತ್ತರದ ಚಕ್ರ ಎದ್ದು ನಿಂತಿತು. ಅವರು ಊಟಕ್ಕೆ ಹೋದರು. ತಿರುಗಿ ಬಂದಾಗ ಚಕ್ರ ಚೂರುಚೂರಾಗಿತ್ತು. ಕೆಸರಿನಲ್ಲಿ ಮೊರದಷ್ಟು ಅಗಲದ ಗೊರಸಿನ ಗುರುತುಗಳಿದ್ದವು.

ಎರಡನೆಯ ಸಲ ದಪ್ಪ ಮರ ತಂದು ಕಟ್ಟಿದರು. ಸುತ್ತ ಮುಳ್ಳಿನ ಬೇಲಿ ಹಾಕಿದರು. ಊಟಕ್ಕೆ ಹೋದರು. ತಿರುಗಿ ಬಂದಾಗ ಚಕ್ರವೂ ಇಲ್ಲ, ಬೇಲಿಯೂ ಇಲ್ಲ.

ಮೂರನೆಯ ಸಲ ಕಟ್ಟಿ ಮುಗಿಸಿದಾಗ ದೇಕಬ್ಬೆ ಹೇಳಿದಳು: "ಇಂದು ಯಾರೂ ಊಟಕ್ಕೆ ಹೋಗಬಾರದು."

"ಊಟ ಬಿಟ್ಟೇ, ಅವ್ವಾ?" ಎಂದು ಬೂತುಗ ಕಂಗಾಲಾಗಿ ಕೇಳಿದ.

"ಬಿಟ್ಟೇ."

ನಾಲ್ವರೂ ಬಂಡೆಯ ಮರೆಯಲ್ಲಿ ಕುಳಿತರು. ನಡುಹಗಲಿಗೆ ಮೂರು ಕೊಂಬಿನ ಕೋಣವೊಂದು ಬೆಟ್ಟದಿಂದಿಳಿದು ಬಂತು. ಅದರ ಮೈಯೆಲ್ಲ ಒಣಗಿದ ಕೆಸರು. ಹೆಗಲಿನಲ್ಲಿ ನೊಗ ಉಜ್ಜಿ ಆದ ಹುಣ್ಣು. ಬೇಲಿಯ ಮುಳ್ಳುಗಳು ಇನ್ನೂ ಎದೆಯಲ್ಲಿ ಚುಚ್ಚಿಕೊಂಡಿದ್ದವು.

ಬೊಪ್ಪಣ್ಣ ದೊಣ್ಣೆ ಎತ್ತಿದ. ದೇಕಬ್ಬೆ ಅದನ್ನು ಕಸಿದುಕೊಂಡು ನೇರವಾಗಿ ಕೋಣದ ಮುಂದೆ ಹೋಗಿ ನಿಂತಳು.

"ಛೀ, ಏನಿದು ಅವತಾರ! ನಿನ್ನನ್ನು ಯಾರೂ ತೊಳೆಯುವುದಿಲ್ಲವೇ?"

ಕೋಣ ತಬ್ಬಿಬ್ಬಾಯಿತು. "ಇಲ್ಲ," ಎಂದಿತು. "ನಾನು ಮುಕ್ಕೊಂಬ. ಧೂಮ್ರಕೇಶನ ಆಳು. ಚಕ್ರ ಮುರಿಯಲು ಬಂದಿದ್ದೇನೆ."

"ಮುರಿಯುವೆಯಂತೆ. ಮೊದಲು ನೀರಿಗಿಳಿ."

ಅವಳ ದನಿಗೆ ಎದುರಾಡುವ ಧೈರ್ಯ ಮೂರು ಕೊಂಬಿಗೂ ಇರಲಿಲ್ಲ. ಮುಕ್ಕೊಂಬ ನೀರಿಗಿಳಿದ. ಬೂತುಗ ಮುಳ್ಳು ಕಿತ್ತ, ಮಾಚಲೆ ಹುಲ್ಲಿನಿಂದ ಮೈ ತಿಕ್ಕಿದಳು, ಬೊಪ್ಪಣ್ಣ ಅರಿಸಿನ ಬೆರೆಸಿದ ಬೇವಿನೆಣ್ಣೆಯನ್ನು ಹುಣ್ಣಿಗೆ ಹಚ್ಚಿದ. ಸಂಜೆಯವರೆಗೂ ಅದೇ ಕೆಲಸ.

"ನೀನು ಶಾಪ ತಗುಲಿದ ರಾಜಕುಮಾರನೇ?" ಎಂದು ಮಾಚಲೆ ಆಸೆಯಿಂದ ಕೇಳಿದಳು.

"ಇಲ್ಲ ತಾಯಿ, ಹುಟ್ಟಾ ಕೋಣ. ನನಗೆ ಇಷ್ಟೆಲ್ಲ ಏಕೆ ಮಾಡಿದಿರಿ?"

"ಮುಯ್ಯಾಳಾಗಿ," ಎಂದಳು ದೇಕಬ್ಬೆ. "ಇಂದು ನಾವು ನಿನಗಾಗಿ ದುಡಿದೆವು. ನಾಳೆ ನೀನು ನಮಗಾಗಿ ದುಡಿದು ಮುಯ್ಯಿ ತೀರಿಸಬೇಕು. ಬೆಟ್ಟದ ಪದ್ಧತಿ ನಿನಗೂ ಗೊತ್ತಿರಬೇಕಲ್ಲ."

ಗೊತ್ತಿತ್ತು. ಆ ಬೆಟ್ಟ ಮಂತ್ರವನ್ನು ಸಹಿಸುತ್ತಿತ್ತು, ಆದರೆ ಮುಯ್ಯಿ ತಪ್ಪಿಸುವವರನ್ನು ಸಹಿಸುತ್ತಿರಲಿಲ್ಲ.

ಮರುದಿನ ಮುಕ್ಕೊಂಬ ಬಂದು ಚಕ್ರದ ಅಚ್ಚನ್ನು ಕೊಂಬಿನ ಮೇಲೆ ಹೊತ್ತು ಗಟ್ಟಿಯಾಗಿ ಕೂರಿಸಿದ. ಚಕ್ರ ತಿರುಗಿತು. ಕುಡಿಕೆಗಳು ತುಂಬಿದವು. ಬಿದಿರಿನ ಕಾಲುವೆಯಲ್ಲಿ ನೀರು ಹರಿದು ಮನೆಯ ಮುಂದಿನ ಹೊಲಕ್ಕೆ ಬಂತು. ಬೊಪ್ಪಣ್ಣ ತನ್ನ ಬೋಳು ನೆತ್ತಿಯನ್ನು ಸವರಿಕೊಂಡ.

ಆಗ ಧೂಮ್ರಕೇಶ ಉರಿಯುತ್ತ ಇಳಿದು ಬಂದ. "ಮುರಿ!" ಎಂದ. ಮುಕ್ಕೊಂಬ ಕದಲಲಿಲ್ಲ. ಮಂತ್ರ ಹೇಳಿ "ಮುರಿ!" ಎಂದ. ಮುಕ್ಕೊಂಬ ಕದಲಲಿಲ್ಲ. ತಲೆಯ ಹೊಗೆಯನ್ನೆಲ್ಲ ಕೊಡವಿ "ಮುರಿ!" ಎಂದು ಅರಚಿದ.

"ಇಂದು ನಾನು ಇವರ ಮುಯ್ಯಾಳು, ಸ್ವಾಮಿ," ಎಂದ ಮುಕ್ಕೊಂಬ.

ದೇಕಬ್ಬೆ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು. "ಧೂಮ್ರಕೇಶ, ಇವನು ನಿನಗಾಗಿ ಎಷ್ಟು ಕಾಲ ದುಡಿದಿದ್ದಾನೆ?"

"ಮುನ್ನೂರು ವರ್ಷ!"

"ನೀನು ಇವನಿಗಾಗಿ ಒಂದು ದಿನವಾದರೂ ದುಡಿದಿದ್ದೀಯಾ?"

"ನಾನೇ? ಕೋಣಕ್ಕೆ ಮುಯ್ಯಿಯೇ?" ಮಾಂತ್ರಿಕ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂದೂ ತೀರಿಸಿಲ್ಲ, ತೀರಿಸುವುದೂ ಇಲ್ಲ!"

ಬೆಟ್ಟದ ಮಣ್ಣಿನ ಮೇಲೆ ನಿಂತು ಆಡಿದ ಮಾತು. ಬೆಟ್ಟ ಕೇಳಿಸಿಕೊಂಡಿತು. ಮನೆಯಂಗಳದಲ್ಲಿದ್ದ ಮಣ್ಣು ಹೊರುವ ಮಂಕರಿ ಹಾರಿ ಬಂದು ಅವನ ತಲೆಯ ಮೇಲೆ ಕುಳಿತಿತು. ಹೊಗೆ ಆರಿತು, ಮಂತ್ರ ಮರೆತುಹೋಯಿತು. ಮೇಲಿನ ಮೂರು ಕರಿಬಂಡೆಗಳು ನೆನೆದ ಬೆಲ್ಲದಂತೆ ಕರಗಿ ಮತ್ತೆ ಮಣ್ಣಾದವು.

"ಒಡೆಯನಾಗಿದ್ದವನು ಈಗ ನಾನು ಹೇಳಿದಂತೆ ಕೆಲಸ ಮಾಡಬೇಕಲ್ಲವೇ?" ಎಂದು ಮುಕ್ಕೊಂಬ ಮೆಲ್ಲಗೆ ಕೇಳಿದ.

"ಮುನ್ನೂರು ವರ್ಷ," ಎಂದಳು ದೇಕಬ್ಬೆ.

"ಹಾಗಾದರೆ ಈ ಹೊಲಗಳ ಬದುಗಳನ್ನು ಕಟ್ಟಲಿ. ನನಗೆ ಇಲ್ಲೇ ಇರಬೇಕೆನಿಸುತ್ತಿದೆ."

ಹೊಸ ತೆನೆಯ ಹಬ್ಬದ ದಿನ ಮನೆಯ ಮೆಟ್ಟಿಲು ಹಸಿರಾಗಿತ್ತು. ಮುಂದಿನ ಹಬ್ಬಕ್ಕೆ ಏಳೂ ಮೆಟ್ಟಿಲುಗಳು ಹಸಿರಾದವು. ಮೇಲಿನ ಮೂರಕ್ಕೆ ಬೊಪ್ಪಣ್ಣ ತಾನೇ ಇನ್ನೊಂದು ಚಕ್ರ ಹೂಡಿದ್ದ. ಅಷ್ಟು ಹಸಿರನ್ನು ಕಂಡ ಮೋಡಗಳಿಗೂ ಆಸೆಯಾಗಿ, ಸುಂಕ ಕೊಟ್ಟು ಒಳಗೆ ಬಂದವು. ಮುಕ್ಕೊಂಬ ದಿನವೂ ಸ್ನಾನ ಮಾಡಿ ನೆರಳಿನಲ್ಲಿ ಮೆಲುಕು ಹಾಕುತ್ತಿದ್ದ. ವಾರಕ್ಕೊಮ್ಮೆ ಮಕ್ಕಳು ಅಚ್ಚಿಗೆ ಹರಳೆಣ್ಣೆ ಬಿಡುತ್ತಿದ್ದರು, ಏಕೆಂದರೆ ಹೊಸ ಚಕ್ರವಾದರೂ ನೋಡಿಕೊಳ್ಳದಿದ್ದರೆ ಹಳೆಯ ಸೌದೆಯೇ.

ಧೂಮ್ರಕೇಶನೂ ಅಲ್ಲೇ ಇದ್ದ. ಒಂದು ಸಂಜೆ ಅವನು ಬದು ಮುಗಿಸಿ, ಬೆವರೊರೆಸಿಕೊಂಡು, "ಅಮ್ಮಾ, ಇನ್ನು ಊಟವೇ?" ಎಂದು ಕೇಳಿದ.

ದೇಕಬ್ಬೆ ಬಾಗಿ ಬದುವನ್ನು ಉದ್ದಕ್ಕೂ ನೋಡಿದಳು. ಒಂದು ಕಲ್ಲನ್ನು ಬೆರಳಿನಿಂದ ತಟ್ಟಿದಳು.

"ಇದು ಓರೆಯಾಗಿದೆ. ತೆಗೆದು ಸರಿಯಾಗಿ ಇಡು. ಆಮೇಲೆ ಗುದ್ದಲಿ ತೊಳೆದು ಬಾ, ಎಲೆ ಹಾಕಿರುತ್ತೇನೆ."