ಇಬ್ಬರು ಕೂತರೆ ಬರುವ ಸದ್ದು

"ನಿಮ್ಮ ಗಾಡೀಲಿ ಯಾವ ಸದ್ದೂ ಇಲ್ಲ ಡಾಕ್ಟ್ರೇ," ಎಂದು ಕೀಲಿಯನ್ನು ಟೇಬಲ್ ಮೇಲಿಟ್ಟೆ.

ಹಲ್ಲಿನ ಡಾಕ್ಟರು ಮುಖ ಸಣ್ಣದು ಮಾಡಿಕೊಂಡರು. "ನನ್ನ ಕುರ್ಚೀಲಿ ಕೂತ ತಕ್ಷಣ ನೋವೇ ಹೋಯ್ತು ಅಂತಾರೆ ಜನ. ಹಾಗಂತ ಹುಳುಕು ಹೋಗಿರುತ್ತಾ?"

ನಗು ಬಂತು, ನುಂಗಿಕೊಂಡೆ. ಗಿರಾಕಿಯ ಮುಂದೆ ಬೇಗ ನಗಬಾರದು ಎಂಬುದು ಅಪ್ಪನ ಗ್ಯಾರೇಜಿಗೆ ನಾನೇ ತಂದ ಕಾನೂನು.

ಅದು ಟಾಪ್ ಮಡಚುವ, ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. "ಇನ್ನು ಇದರೊಳಗೆ ಇಳಿದು ಕೂತ್ರೆ ನನ್ನನ್ನ ಎತ್ತೋಕೆ ಆಳು ಬೇಕು" ಎಂದು ಡಾಕ್ಟರ ಚಿಕ್ಕಪ್ಪ ಇವರಿಗೆ ಕೊಟ್ಟುಬಿಟ್ಟಿದ್ದರಂತೆ. ಚಳಿಯಲ್ಲಿ ಓಡಿಸುವ ಗಾಡಿಯಲ್ಲ, ಚಳಿಗಾಲ ಮುಗಿಯುವವರೆಗೆ ಅದನ್ನು ನಮ್ಮ ಶೆಡ್ಡಿನಲ್ಲಿಡಬೇಕು. ಅದಕ್ಕೂ ಮುಂಚೆ ಅಡಿಯಿಂದ ಬರುವ ಟಿಕ್ ಟಿಕ್ ಏನೆಂದು ಹುಡುಕಬೇಕು. ನಾನೊಬ್ಬಳೇ ಏರು ರಸ್ತೆ ಸುತ್ತಿ ಬಂದಿದ್ದೆ, ಗಾಡಿ ತುಟಿ ಬಿಚ್ಚಿರಲಿಲ್ಲ.

"ಚಿಕ್ಕಪ್ಪ ಪಕ್ಕದಲ್ಲಿದ್ದಾಗ ಕೇಳಿಸ್ತು. ನಿಜವಾಗ್ಲೂ."

"ಹಾಗಾದ್ರೆ ಈಗ ನೀವು ನನ್ನ ಪಕ್ಕ ಕೂತ್ಕೊಳ್ಳಿ."

ಉದ್ದ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿ ಕೂತರು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಟಿಕ್. ಟಿಕ್ ಟಿಕ್.

"ಕೇಳಿಸ್ತಾ? ನಾನು ಹೇಳ್ಲಿಲ್ವಾ!"

ಗಾಳಿಗೆ ಅವರ ಕೂದಲೆಲ್ಲ ಎದ್ದು ನಿಂತಿತ್ತು. ರೋಗ ಸಿಕ್ಕಿತೆಂದು ಇಷ್ಟು ಖುಷಿಪಡುವವರನ್ನು ನಾನು ಕಂಡಿರಲಿಲ್ಲ. ನಕ್ಕುಬಿಟ್ಟೆ. ನನ್ನ ಕಾನೂನು ಅಲ್ಲಿಗೆ ಮುಗಿಯಿತು.

ವಿಷಯ ಸರಳ. ಹಿಂದಿನ ಚಕ್ರಗಳನ್ನು ತಿರುಗಿಸುವ ಉದ್ದ ಶಾಫ್ಟಿನ ಜಾಯಿಂಟ್ ಸವೆದಿತ್ತು. ಇಬ್ಬರ ಭಾರಕ್ಕೆ ಗಾಡಿ ತಗ್ಗಿದಾಗ ಮಾತ್ರ ಬಾಯಿ ಬಿಡುತ್ತಿತ್ತು. ಇಬ್ಬರೂ ಕೂತು ಹೋದ ಮೊದಲ ಸುತ್ತಿನಲ್ಲೇ ನನಗದು ಗೊತ್ತಾಗಿತ್ತು. ಆದರೂ ಖಾತ್ರಿ ಮಾಡಿಕೊಳ್ಳುವ ನೆಪದಲ್ಲಿ ಆ ವಾರವೆಲ್ಲ ಸಂಜೆ ಸುತ್ತಿದೆವು.

ಅಪ್ಪ ಕನ್ನಡಕದ ಮೇಲಿಂದ ನೋಡಿದರು. "ಪಕ್ಕದ ಸೀಟಲ್ಲಿ ಮರಳು ಮೂಟೆ ಇಟ್ರೂ ಆ ಸದ್ದು ಬರುತ್ತಲ್ಲಮ್ಮಾ?"

"ಸದ್ದು ಯಾವ ಕಡೆಯಿಂದ ಬಂತು ಅಂತ ಮೂಟೆ ಹೇಳಲ್ಲಪ್ಪಾ."

"ಓಹೋ, ಡಾಕ್ಟ್ರು ಹೇಳ್ತಾರೋ?"

ಡಾಕ್ಟರು ಹೇಳುತ್ತಿದ್ದುದು ಹಲ್ಲು ನೋಡುವಾಗ ಅವರ ಬೆರಳು ಕಚ್ಚುವ ಮಕ್ಕಳ ಕಥೆ. ನಾನು ಗೇರ್ ಬದಲಿಸುವಾಗ ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ತಿರುಗಿದರೆ ಸಾಕು, ರಸ್ತೆಬದಿಯ ಕಂಬಗಳಲ್ಲಿ ಅವರಿಗೆ ಎಲ್ಲಿಲ್ಲದ ಆಸಕ್ತಿ.

ಕೊನೆಗೂ ಹೊಸ ಜಾಯಿಂಟ್ ಹಾಕಿದೆ. ಸದ್ದು ನಿಂತಿತು. ಚಕ್ರ ನೆಲಕ್ಕೆ ತಾಗದಂತೆ ಗಾಡಿಯನ್ನು ಸ್ಟ್ಯಾಂಡಿನ ಮೇಲೇರಿಸಿ, ಹ್ಯಾಂಡ್‌ಬ್ರೇಕ್ ಸಡಿಲಿಸಿ, ಬ್ಯಾಟರಿ ಬಿಚ್ಚಿದೆವು. ಅದನ್ನು ಡಾಕ್ಟರೇ ಶೆಲ್ಫಿನ ಮೇಲಿಟ್ಟರು. ಹೊದಿಕೆ ಎಳೆಯುವಾಗ ಆ ತುದಿ ಅವರು, ಈ ತುದಿ ನಾನು. ನಡುವೆ ಕೈ ತಾಗಿತು. ಇಬ್ಬರೂ ಹೊದಿಕೆಯನ್ನೇ ನೋಡುತ್ತ ನಿಂತೆವು.

"ಹಾಗಾದ್ರೆ... ಚಳಿ ಮುಗಿದ ಮೇಲೆ ಬರ್ತೀನಿ."

"ಬನ್ನಿ."

ಗಾಡಿ ಸರಿಮಾಡಿ ಇಷ್ಟು ಸಂಕಟಪಟ್ಟದ್ದು ಅದೇ ಮೊದಲು. ಇನ್ನು ಇವರನ್ನು ನೋಡಬೇಕೆಂದರೆ ನನ್ನ ಹಲ್ಲೇ ಕೆಡಬೇಕಿತ್ತು.

ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು.

"ಆ ಸದ್ದು ಮತ್ತೆ ಬರ್ತಿದೆ."

"ಎಲ್ಲಿಂದ?"

"ನನ್ನ ಕಾರಿಂದ."

"ಕಾರು ಸ್ಟ್ಯಾಂಡ್ ಮೇಲಿದೆ. ಬ್ಯಾಟರಿ ಅಗೋ ಅಲ್ಲಿದೆ, ನೀವೇ ಇಟ್ಟಿದ್ದು."

ಅವರು ಶೆಲ್ಫಿನತ್ತ ನೋಡಿದರು. ಕಿವಿ ಕೆಂಪಾಯಿತು. "ದಾರಿಯುದ್ದಕ್ಕೂ ಏನು ಹೇಳೋದು ಅಂತ ಯೋಚಿಸ್ಕೊಂಡು ಬಂದೆ. ಇದೊಂದು ಹೊಳೀಲೇ ಇಲ್ಲ."

"ಸುಳ್ಳು ಹೇಳೋಕೂ ಬರಲ್ಲ ನಿಮಗೆ."

"ಬರಲ್ಲ. ನಿಜಾನೇ ಹೇಳ್ತೀನಿ. ನಿಮ್ಮನ್ನ ನೋಡದೆ ಇರೋಕಾಗ್ತಿಲ್ಲ. ಚಳಿ ಮುಗಿಯೋವರೆಗೆ ಅಂತೂ ಸಾಧ್ಯಾನೇ ಇಲ್ಲ."

ನನ್ನ ಎದೆಯೊಳಗಿನ ಸದ್ದು ಅಪ್ಪನಿಗೂ ಕೇಳಿಸಿರಬೇಕು.

"ನನಗೂ ಅಷ್ಟೇ," ಎಂದೆ. "ನಾಳೆ ಹಲ್ಲು ನೋವು ಅಂತ ನಾನೇ ಬರೋಳಿದ್ದೆ. ಒಂದು ಹಲ್ಲೂ ಕೆಟ್ಟಿಲ್ಲ."

ಅವರು ಶೆಡ್ಡು ತುಂಬುವಂತೆ ನಕ್ಕರು. ನಾನು ಶೆಲ್ಫಿನಿಂದ ಬ್ಯಾಟರಿ ಇಳಿಸಿದೆ. ಅವರು ಹೇಳಿಸಿಕೊಳ್ಳದೆ ಹೊದಿಕೆಯ ಆ ತುದಿ ಹಿಡಿದರು.

ಒಳಗಿನಿಂದ ಅಪ್ಪನ ದನಿ ಬಂತು. "ಮರಳು ಮೂಟೆ ಬೇಕೇನಮ್ಮಾ?"

"ಬೇಡಪ್ಪಾ," ಎಂದೆ. "ಸೀಟಿಗೆ ಜನ ಬಂದಿದ್ದಾರೆ."