ಗೋಡೆ ಪಕ್ಕದ ಕುರ್ಚಿ

"ಒಂದೇ ಟಿಕೆಟ್ಟಾ?"

ಟೈಲರ್ ಅಂಗಡಿಯಲ್ಲಿ ಅಂಗಿಯ ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದವಳು ಸೂಜಿ ಹಿಡಿದಂತೆಯೇ ತಲೆಯೆತ್ತಿದಳು. ಎದುರಿಗೆ ನಿಂತವನು ಅಜ್ಜಂದಿರ ಕಾಲದ ಆ ದೊಡ್ಡ ನಾಟಕಶಾಲೆಯಲ್ಲಿ ಏನೋ ಕೆಲಸ ಮಾಡುವವನು. ಪಾತ್ರಧಾರಿಗಳ ಬಟ್ಟೆ ರಿಪೇರಿಗೆ ತರುತ್ತಾ ತರುತ್ತಾ ಅವಳ ಮನಸ್ಸಿನೊಳಗೂ ಬಂದು ಕೂತಿದ್ದ.

"ಒಂದೇ. ಮುಂದಿನ ಸಾಲು, ಗೋಡೆ ಪಕ್ಕದ ಕುರ್ಚಿ. ಜಾಗ ಮಾತ್ರ ಬದಲಾಯಿಸ್ಬೇಡಿ."

'ನೀವು ಎಲ್ಲಿ ಕೂರ್ತೀರಿ?' ಎಂದು ಕೇಳದೆಯೇ ಅವಳು ಟಿಕೆಟ್ ತೆಗೆದುಕೊಂಡಳು.

ಆದರೂ ಅವಳು ಹೋಗುವ ತಯಾರಿ ನಡೆಸಿದಳು. ಯಾವ ಬಸ್ಸು, ಎಷ್ಟು ಬೇಗ ಹೊರಡುವುದು ಎಂದು ಲೆಕ್ಕ ಹಾಕಿದಳು. ಅವನ ಕಣ್ಣೆದುರೇ ತನಗಾಗಿ ಹೊಲಿದುಕೊಂಡಿದ್ದ ನೀಲಿ ಬಟ್ಟೆಗೆ ಇಸ್ತ್ರಿ ಹಾಕಿಟ್ಟಳು.

ಮನೆಯಲ್ಲಿ ಟಿಕೆಟ್ ನೋಡಿ ಅತ್ತಿಗೆ ನಕ್ಕಳು. "ಮೂಲೆಗೆ ತಳ್ಳಿದ್ದಾನಲ್ಲೇ! ನಿನ್ನ ಜೊತೆ ಕಾಣಿಸ್ಕೊಳ್ಳೋಕೆ ನಾಚಿಕೆ ಅವನಿಗೆ. ಕಾಜಾ ಹೊಲಿಯೋಳನ್ನ ಯಾರು ಪಕ್ಕ ಕೂರಿಸ್ಕೊಳ್ತಾರೆ?"

ಅದೇ ಅನುಮಾನ ಅವಳಿಗೂ ಇತ್ತು. ಅದಕ್ಕೇ ಮಾತು ನೇರ ಎದೆಗೆ ನಾಟಿತು.

"ನೀವೇ ಹೋಗಿ ಅತ್ತಿಗೆ. ಆ ನೀಲಿ ಬಟ್ಟೇನೂ ಹಾಕ್ಕೊಂಡು ಹೋಗಿ."

'ಅವನಿಗೂ ಸ್ವಲ್ಪ ಉರಿಯಲಿ...'

ಆಟ ನೋಡಿಕೊಂಡು ಬಂದ ಅತ್ತಿಗೆಗೆ ನಗು ತಡೆಯಲಾಗಲಿಲ್ಲ.

"ಪರದೆ ಮರೆಯಲ್ಲಿ ನಿಂತು ಮಾತು ಎತ್ತಿಕೊಡ್ತಾರಲ್ಲ, ಆ ಪ್ರಾಂಪ್ಟರ್ರೇ ನಿನ್ನ ಪುಣ್ಯಾತ್ಮ. ನನ್ನ ಮುಖ ಕಂಡಿದ್ದೇ ಬಾಯಿ ಬಿದ್ದುಹೋಯ್ತು. ರಾಜನ ಪಾತ್ರದೋನು ಮಾತು ಸಿಗದೆ ಕಂಬದ ಹಾಗೆ ನಿಂತ. ಜನ ಶಿಳ್ಳೆ ಹೊಡೆದ್ರು. ಮ್ಯಾನೇಜರ್ರು ಅಲ್ಲೇ ಕೆಲಸದಿಂದ ಕಿತ್ತು ಹಾಕಿದ್ರು."

ಮರುದಿನ ಬೆಳಗ್ಗೆ ಅವಳು ಮೊದಲ ಬಸ್ಸು ಹತ್ತಿದಳು.

ನಾಟಕಶಾಲೆಯ ಹಿಂಬಾಗಿಲಲ್ಲಿ ಅವನು ಚೀಲ ಹೆಗಲಿಗೇರಿಸಿ ಹೊರಟಿದ್ದ.

"ನಾನು ಆಟ ಮುಗಿಯೋವರೆಗೂ ಒಳಗೇ ನಿಂತಿರ್ಬೇಕು," ಎಂದ, ಅವಳ ಕಡೆ ನೋಡದೆ. "ಅಲ್ಲಿಂದ ಕಾಣೋದು ಆ ಒಂದೇ ಕುರ್ಚಿ. ಅಲ್ಲಿ ಕೂತೋರಿಗೆ ಮಾತ್ರ ನಾನು ಕಾಣೋದು."

"ಮೊದಲೇ ಹೇಳಬಾರದಿತ್ತಾ?"

"ನೋಡಿ ತಿಳ್ಕೊಳ್ಳಲಿ ಅಂತಿದ್ದೆ. ನೀಲಿ ಬಟ್ಟೆ ಕಂಡು ನೀವೇ ಅಂದ್ಕೊಂಡೆ. ಅವರು ಈ ಕಡೆ ತಿರುಗಿದ್ರು... ಓದ್ತಿದ್ದ ಸಾಲು ತಪ್ಪಿತು. ಅವರನ್ನ ನೀವೇ ಕಳಿಸಿದ್ರಾ?"

"ಹೂಂ. ನಿಮಗೆ ನೋವಾಗ್ಲಿ ಅಂತಲೇ."

"ಆಯ್ತು. ಸಂತೋಷವಾಗಿರಿ."

ಅವನು ನಡೆದ. ಅವಳು ಹಿಂದೆಯೇ ನಡೆದಳು. ಬೀದಿ ತಿರುವಿನವರೆಗೂ ಅವನು ನಿಲ್ಲಲಿಲ್ಲ.

"ಕೆಲಸ ಕಳ್ಕೊಂಡೋನ ಹಿಂದೆ ಬಂದ್ರೆ ನಿಮ್ಮತ್ತಿಗೆ ಇನ್ನೂ ಜೋರಾಗಿ ನಗ್ತಾರೆ."

"ನಗ್ಲಿ. ನಂಗೆ ನೀವು ಬೇಕು."

"ನನ್ನ ಸಿಟ್ಟು ಇವತ್ತಿಗೆ ಇಳಿಯೋದಲ್ಲ."

"ಇಳಿಯೋದೇ ಬೇಡ. ಬಯ್ಕೊಂಡೇ ಇರಿ. ನಾನಂತೂ ಹೋಗಲ್ಲ."

ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ ಅವಳ ಕಡೆ ತಿರುಗಿದ. ಅವಳ ಕಣ್ಣೀರು ಗಲ್ಲದವರೆಗೂ ಇಳಿದಿತ್ತು.

"ರಾತ್ರಿಯಿಂದ ಏನಾದ್ರೂ ತಿಂದ್ಯಾ?"

"ಇಲ್ಲ."

"ನಾನೂ ತಿಂದಿಲ್ಲ. ನಡಿ."