ಬಾಗಿಲಂಚಿನ ಚೀಟಿ

ಸೋಮವಾರ ಬೆಳಿಗ್ಗೆ ಡೆಪ್ಯುಟಿ ಕಿಂಬಲ್ ಸ್ಟಾಟ್ ಷೆರಿಫ್ ಕಚೇರಿಯ ಹಿಂದಿನ ಅಂಗಳದ ಬೀಗ ತೆಗೆದ. ಜಜ್ಜಿಹೋದ ಬಿಳಿ ಪಿಕಪ್ ಇತ್ತು. ಪಕ್ಕದಲ್ಲಿ ಒಂದು ಮಗ್ಗುಲು ಪೂರ್ತಿ ಕಿತ್ತುಹೋದ ಟ್ರೇಲರ್ ಇತ್ತು. ಪಿಕಪ್‌ನ ಡ್ರೈವರ್ ಬಾಗಿಲಂಚಿನ ಚೀಟಿ ಮಾತ್ರ ಇರಲಿಲ್ಲ.

ಶನಿವಾರ ಅವನೇ ತೆಗೆದ ಫೋಟೋದಲ್ಲಿ ಚೀಟಿ ಇತ್ತು. ದೂರದಿಂದ ತೆಗೆದದ್ದು, ಅಕ್ಷರ ಕಾಣುತ್ತಿರಲಿಲ್ಲ. ನಡುವಿನ ಒಂದೂವರೆ ದಿನದಲ್ಲಿ ಯಾರೋ ಕಿತ್ತಿದ್ದರು.

ಗಾಡಿ ತನ್ನ ಬೆನ್ನ ಮೇಲೆ ಎಷ್ಟು ಪೌಂಡ್ ಹೊರಬಹುದು ಎಂದು ಹೇಳುವ ಚೀಟಿ ಅದು. ಮರಳು ದಿಬ್ಬಗಳಿಗೆ ಬೈಕು ಒಯ್ಯುವ ನಮ್ಮ ಇಡಾಹೋ ಕಡೆಯವರಿಗೆ ಅದರ ಬೆಲೆ ಗೊತ್ತು. ಮುಂದೆ ಮಂಚ, ಒಲೆ, ಹಿಂದೆ ಬೈಕು ನಿಲ್ಲಿಸುವ ಗ್ಯಾರೇಜು ಇರುವ ಟಾಯ್ ಹಾಲರ್ ಟ್ರೇಲರನ್ನು ಎಳೆಯುವುದು ದೊಡ್ಡದಲ್ಲ. ಅದರ ಮೂಗು ಪಿಕಪ್‌ನ ಬೆನ್ನ ಮೇಲೆ ಕೂರುತ್ತದಲ್ಲ, ಅದನ್ನು ಹೊರುವುದು ದೊಡ್ಡದು.

* * *

ಹತ್ತು ಗಂಟೆಗೆ ಕಿಂಬಲ್ ನನ್ನ ವೇಬ್ರಿಡ್ಜ್‌ಗೆ ಬಂದ. ಧಾನ್ಯದ ಕಣಜದ ಪಕ್ಕದಲ್ಲಿ ಮೂವತ್ತೊಂದು ವರ್ಷದಿಂದ ನಾನು ಗಾಡಿಗಳ ತೂಕ ಬರೆಯುತ್ತಿದ್ದೇನೆ. ನಮ್ಮ ಚರ್ಚಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಸಿಸ್ಟರ್, ಬ್ರದರ್.

"ಸಿಸ್ಟರ್ ಲರೂ, ಥೇನ್ ಆಸ್ಲರ್ ಶುಕ್ರವಾರ ನಿಮ್ಮತ್ರ ತೂಕ ಹಾಕ್ಸಿದ್ನಾ?"

"ಹಾಕ್ಸಿದ. ಕೂತ್ಕೊ. ರೂಟ್ ಬಿಯರ್ ಕೊಡ್ಲಾ?"

"ಡ್ಯೂಟೀಲಿದೀನಿ."

"ರೂಟ್ ಬಿಯರ್ ಅಂದ್ರೆ ಸಿಹಿ ಸೋಡಾ ಕಣೋ, ವಿಸ್ಕಿ ಅಲ್ಲ. ಸಂಡೇ ಸ್ಕೂಲಲ್ಲಿ ನಿಂಗೆ ಇಷ್ಟೂ ಕಲಿಸ್ಲಿಲ್ವಾ ನಾನು?"

ಅವನು ನಗಲಿಲ್ಲ. "ಥೇನ್ ಲೆಕ್ಕದಲ್ಲೇ ಆ ಗಾಡಿ ಬೆನ್ನ ಮೇಲಿದ್ದಿದ್ದು ಸಾವಿರದ ಎಂಟುನೂರ ಹತ್ತು ಪೌಂಡ್. ಕಂಪನಿ ದಾಖಲೆ ತರಿಸ್ದೆ. ಅದಕ್ಕಿರೋ ಮಿತಿ ಸಾವಿರದ ನಾನೂರಿಪ್ಪತ್ತು. ಶನಿವಾರ ಇಳಿಜಾರಲ್ಲಿ ಗಾಳಿ ಬಂತು, ಹಿಂದೆ ಭಾರ ಜಾಸ್ತಿ ಆಗಿ ಮುಂದಿನ ಚಕ್ರ ಹಗುರಾಯ್ತು. ಟ್ರೇಲರ್ ಬಾಲ ಬೀಸ್ತು, ಎರಡೂ ಉರುಳಿದ್ವು."

"ಥೇನ್ ಏನಂತಾನೆ?"

"ಚೀಟೀಲಿ ಸಾವಿರದ ಒಂಬೈನೂರ ಎಂಬತ್ತು ಅಂತಿತ್ತು ಅಂತಾನೆ. ಈಗ ಚೀಟಿನೇ ಇಲ್ಲ. ಭಾನುವಾರ ಹೆಂಡ್ತಿ ಜನೀಲ್ ಬ್ಯಾಗ್ ತಗೋಳಕ್ಕೆ ಅಂಗಳಕ್ಕೆ ಬಂದಿದ್ದ. ಜನೀಲ್ ಕಣ್ಣು ಬಿಡ್ದೆ ಹೋದ್ರೆ ಅವನಿಗೆ ಜೈಲು, ಸಿಸ್ಟರ್."

* * *

ಆಸ್ಪತ್ರೆಯಲ್ಲಿ ಜನೀಲ್ ಮೂರನೇ ದಿನವೂ ಹಾಗೇ ಮಲಗಿದ್ದಳು. ಒಮ್ಮೊಮ್ಮೆ ರೆಪ್ಪೆ ಅಲುಗುತ್ತಿತ್ತು, ಅಷ್ಟೆ. ಥೇನ್ ಅವಳ ಕಾಲ ಬಳಿ ಕೂತಿದ್ದ. ವೆಲ್ಡಿಂಗ್ ಮಾಡಿ ಸುಟ್ಟ ಬೆರಳುಗಳಲ್ಲಿ ಒಂದು ರಟ್ಟಿನ ಕಾರ್ಡು, ಅದರಲ್ಲಿ ಅವನೇ ಬರೆದ ಪೌಂಡುಗಳ ಲೆಕ್ಕ.

ಟ್ರೇಲರಿನ ಮೂಗು ಸಾವಿರದ ನೂರೈವತ್ತು. ಇಬ್ಬರು ಮನುಷ್ಯರು ಮುನ್ನೂರ ಎಪ್ಪತ್ತು. ಕೊಂಡಿ ಎಂಬತ್ತು. ಡಬ್ಬಿ, ಹತಾರ ನೂರೈವತ್ತು. ನಾಯಿ ಅರವತ್ತು.

"ಖಾಲಿ ತೂಕ ನಂಬ್ಲಿಲ್ಲ ಸಿಸ್ಟರ್. ಬೈಕು ಹತ್ತಿಸಿ, ನೀರಿನ ಟ್ಯಾಂಕ್ ತುಂಬಿಸಿ ನಿಮ್ಮತ್ರ ಬಂದೆ. ಇದಕ್ಕಿಂತ ಮುಂಚೆ ಭಾರ ಜಾಸ್ತಿ ಅಂತ ಮೂರು ಟ್ರೇಲರ್ ಬೇಡ ಅಂದಿದ್ದೆ. ಸ್ನಾನದ ತೊಟ್ಟಿ ಇರೋದೇ ಬೇಕು ಅಂತ ಇವ್ಳು ಎರಡು ದಿನ ಮಾತೇ ಬಿಟ್ಟಿದ್ಳು." ಕಾರ್ಡನ್ನು ನನ್ನತ್ತ ತಿರುಗಿಸಿದ. "ಚೀಟಿ ತಪ್ಪು ಓದ್ದೆ ಅನ್ಸುತ್ತೆ. ಕೊಂದೇಬಿಟ್ನಾ ನಾನು?"

"ಎರಡು ದಿನ ಮಾತು ಬಿಟ್ರೂ ಬಗ್ಗದೋನು ಅಂಕಿ ತಪ್ಪು ಓದಲ್ಲ," ಅಂದೆ. ಅವನು ನಂಬಲಿಲ್ಲ.

* * *

ಮಧ್ಯಾಹ್ನ ಕಿಂಬಲ್ ನನ್ನನ್ನು ಅಂಗಳಕ್ಕೆ ಕರೆದೊಯ್ದ. ಟ್ರೇಲರಿನ ತುರ್ತು ಬ್ರೇಕಿನ ತಂತಿ ತುಂಡಾಗಿ ನೇತಾಡುತ್ತಿತ್ತು.

"ಇದನ್ನ ಯಾರಾದ್ರೂ ಕತ್ತರಿಸಿದ್ರೆ?" ಅಂದ, ಸ್ವಲ್ಪ ಆಸೆಯಿಂದ.

ತುದಿಯ ಎಳೆಗಳು ಪೊರಕೆಯ ಹಾಗೆ ಕೆದರಿದ್ದವು. ಕತ್ತರಿಸಿದ್ದರೆ ಸಮ ಇರುತ್ತಿತ್ತು. ಉರುಳುವಾಗ ಹರಿದದ್ದು. ಟ್ರೇಲರಿನ ತೂಕದಲ್ಲಿ ಮಾರಿದವರು ಮೋಸ ಮಾಡಿರಬಹುದೇ? ಅದೂ ಇಲ್ಲ, ನಾನೇ ತೂಗಿದ್ದೆ.

ಆಮೇಲೆ ಬಾಗಿಲು ನೋಡಿದೆ. ಚೀಟಿ ಇದ್ದ ಜಾಗ ಕನ್ನಡಿಯ ಹಾಗೆ ನುಣ್ಣಗಿತ್ತು. ಬಣ್ಣಕ್ಕೆ ಒಂದು ಗೀರಿಲ್ಲ. ಅಂಟಿನ ಚೂರೂ ಇಲ್ಲ.

"ಥೇನ್ ಆಗಿದ್ರೆ ಉಳಿ ತಗೊಂಡು ಕೆರೀತಿದ್ದ. ಇದು ಬಿಸಿಗಾಳಿ ಊದಿ, ಮೆತ್ತಗೆ ಮಾಡಿ ಎತ್ತಿರೋದು. ಚೂರಾದ ಗಾಡಿ ಮೇಲೂ ಬಣ್ಣ ಹಾಳ್ಮಾಡಕ್ಕೆ ಮನಸ್ಸು ಬರದೋರ ಕೈ ಇದು."

ಕಿಂಬಲ್ ಬಾಗಿ ಆ ಜಾಗ ಮುಟ್ಟಿ ನೋಡಿದ. ನಾನು ಗಾಜಿನ ಮೂಲಕ ಡ್ಯಾಶ್‌ಬೋರ್ಡ್ ಮೇಲೆ ಕಂಪನಿಯವರು ಕೆತ್ತಿದ ಗಾಡಿಯ ಸಂಖ್ಯೆ ಓದಿದೆ. ಕೊನೆಯ ನಾಲ್ಕು ಅಂಕಿ, 0342. ಚೀಲದಿಂದ ಶುಕ್ರವಾರದ ತೂಕದ ರಸೀದಿ ತೆಗೆದೆ. ನಮ್ಮೂರಲ್ಲಿ ಬಿಳಿ ಪಿಕಪ್‌ಗಳು ಹನ್ನೊಂದಿವೆ. ನಂಬರ್ ಪ್ಲೇಟು ಸದಾ ಕೆಸರು. ಅದಕ್ಕೆ ನಾನು ಬಾಗಿಲು ತೆರೆಸಿ, ಚೀಟಿಯಲ್ಲಿರುವ ಗಾಡಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳುತ್ತೇನೆ. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಮೇಲೆ ಬಂದ ಅಭ್ಯಾಸ.

ರಸೀದಿಯಲ್ಲಿ 7716.

"ತಪ್ಪು ಬರ್ದಿರ್ತೀರಿ, ಸಿಸ್ಟರ್."

"ನಾಲ್ಕಕ್ಕೆ ನಾಲ್ಕೂ ತಪ್ಪಾ? ಗಾಡಿ ಒಂದು, ಬಾಗಿಲು ಇನ್ನೊಂದು ಕಣೋ. ಥೇನ್ ಸರಿಯಾಗೇ ಓದ್ದ. ಬೇರೆ ಗಾಡಿ ಚೀಟಿ ಓದ್ದ."

* * *

ಹಳೆಯ ರಸೀದಿ ಪುಸ್ತಕಗಳನ್ನು ನಾನು ಎಸೆಯುವುದಿಲ್ಲ. ಸಂಜೆ ನಾಲ್ಕಕ್ಕೆ ಸಿಕ್ಕಿತು. ಆರು ವರ್ಷದ ಹಿಂದೆ 7716 ಗುಜರಿಗೆಂದು ತೂಕಕ್ಕೆ ಬಂದಿತ್ತು. ಕೊಂಡವನ ಹೆಸರು ಓದಿ ಕಿಂಬಲ್ ಟೋಪಿ ತೆಗೆದು ಮೇಜಿನ ಮೇಲಿಟ್ಟ.

ರೂಲನ್ ವಾಡ್ಲಿ. ಊರಿಗಿರುವ ಒಬ್ಬನೇ ಗಾಡಿ ತಗಡು, ಬಣ್ಣದ ಕೆಲಸದವನು. ಬಿದ್ದ ಗಾಡಿಗಳನ್ನು ಎಳೆದು ತರುವವನೂ ಅವನೇ, ಅಂಗಳದ ಇನ್ನೊಂದು ಕೀಲಿ ಅವನ ಬಳಿ ಇರುತ್ತದೆ. ಜನೀಲ್‌ಳ ಅಪ್ಪ.

"ಮಗಳ ಗಾಡೀನ ಅವ್ರೇ ಎಳ್ಕೊಂಡು ಬಂದ್ರು," ಅಂದ ಕಿಂಬಲ್. "ಕೀಲಿ ಯಾರತ್ರ ಇದೆ ಅಂತ ಯೋಚ್ನೆನೇ ಮಾಡ್ಲಿಲ್ಲ ನಾನು."

"ಭಾನುವಾರ ಚರ್ಚಲ್ಲಿ ಅವನ ಜಾಗ ಖಾಲಿ ಇತ್ತು. ಆಸ್ಪತ್ರೇಲಿರ್ತಾನೆ ಅಂದ್ಕೊಂಡ್ವಿ. ಥೇನ್‌ನ ಕೇಳ್ಕೊ, ಅಲ್ಲಿಗೂ ಬಂದಿರ್ಲಿಲ್ಲ."

* * *

ರೂಲನ್ ಶೆಡ್ಡಿನಲ್ಲಿ ಒಂದು ಬಾನೆಟ್ ಉಜ್ಜುತ್ತಿದ್ದ. ನಮ್ಮನ್ನು ನೋಡಿದವನೇ ಕೈ ನಿಲ್ಲಿಸಿದ.

"ಬ್ರದರ್ ರೂಲನ್, 7716ರ ಬಾಗಿಲು ಎಲ್ಲಿ?" ಅಂದೆ.

ಅವನು ಸುಳ್ಳು ಹೇಳಲಿಲ್ಲ. ಮರಳು ಕಾಗದದಂತೆ ಒರಟಾದ ಬೆರಳಲ್ಲಿ ಜೇಬಿನಿಂದ ಮಡಚಿದ ಚೀಟಿ ತೆಗೆದು ಬಾನೆಟ್ ಮೇಲಿಟ್ಟ. ಬಿಸಾಡಲು ಆಗಿರಲಿಲ್ಲ ಅವನಿಗೆ.

"ಮೂರು ಚಳಿಗಾಲದ ಹಿಂದೆ ಜನೀಲ್‌ಗೆ ಗಾಡಿ ಓಡಿಸ್ವಾಗ ಎಲ್ಕ್ ಜಿಂಕೆ ಬಂದು ಗುದ್ದಿತ್ತು. ಬಾಗಿಲು ಹೋಯ್ತು. ಗುಜರಿ ಗಾಡೀದು ಅದೇ ಬಿಳಿ, ಅದೇ ಅಳತೆ. ಹಾಕ್ದೆ. ಅದು ಹೆಚ್ಚು ಹೊರೋ ಜಾತಿ ಗಾಡಿ. ಚೀಟಿ ಕೀಳ್ಬೇಕು ಅಂತ ಹೊಳೀಲೇ ಇಲ್ಲ ಲರೂ."

"ಯಾವಾಗ ಹೊಳೀತು?"

"ಶನಿವಾರ. ನಾಯಿ ಒಳಗೇ ಇತ್ತು. ಅದನ್ನ ಇಳಿಸೋಕೆ ಬಾಗಿಲು ತೆಗ್ದೆ. ಕಣ್ಮುಂದೇನೇ ಇತ್ತು."

"ಥೇನ್ ಜೈಲಿಗೆ ಹೋಗ್ತಿದ್ದ, ಬ್ರದರ್," ಅಂದ ಕಿಂಬಲ್.

"ಗೊತ್ತು. ಅವಳು ಕಣ್ಣು ಬಿಟ್ರೆ ಮೊದಲು ನನ್ನ ಮುಖ ನೋಡ್ತಾಳೆ. ಆಗ ಏನು ಹೇಳ್ಲಿ ಅಂತ..." ಚಿಂದಿ ಎತ್ತಿ ಬಾನೆಟ್ ಮತ್ತೆ ಒರೆಸಿದ.

ನಾನು ಅವನ ತೋಳು ಹಿಡಿದೆ. "ಬಾಗಿಲು ಹಾಕಿದ್ದು ಮರೆವು. ಅದನ್ನ ಯಾರು ಬೇಕಾದ್ರೂ ಕ್ಷಮಿಸ್ತಾರೆ. ಚೀಟಿ ಕಿತ್ತಿದ್ದು ಮರೆವಲ್ಲ. ಅದನ್ನ ಥೇನ್‌ಗೆ ನೀನೇ ಹೇಳ್ಬೇಕು. ನಡಿ."

ಸಾಕ್ಷ್ಯ ನಾಶದ ಕಾಗದ ಕಿಂಬಲ್ ಬರೆಯಲೇಬೇಕಿತ್ತು. ಬರೆದ. ಕೈಕೋಳದ ಮಾತೆತ್ತಲಿಲ್ಲ. ರೂಲನ್‌ನನ್ನು ತನ್ನ ಪಕ್ಕದ ಸೀಟಿನಲ್ಲಿ, ನನ್ನನ್ನು ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ.

* * *

ರೂಲನ್ ಬಾಗಿಲಲ್ಲೇ ನಿಂತು ಎಲ್ಲ ಹೇಳಿದ. ಥೇನ್ ಎದ್ದು ನಿಂತ. ಹೊಡೆಯುತ್ತಾನೆ ಅಂದುಕೊಂಡೆ. ಕಿಂಬಲ್ ಕೂಡ ಒಂದು ಹೆಜ್ಜೆ ಮುಂದಿಟ್ಟ.

ಥೇನ್ ಮಾವನ ಕಡೆ ನೋಡಲೇ ಇಲ್ಲ. ಕಾರ್ಡನ್ನು ನನ್ನ ಮುಂದೆ ಹಿಡಿದ.

"ಹಾಗಾದ್ರೆ ನನ್ನ ಲೆಕ್ಕ ಸರಿ ಇತ್ತಾ ಸಿಸ್ಟರ್? ಇನ್ನೊಂದ್ಸಲ ನೋಡಿ. ಮೂಗು ನೀವೇ ತೂಗಿದ್ದು. ನಾಯಿಗೆ ಮಾತ್ರ ಅಂದಾಜಲ್ಲಿ ಅರವತ್ತು ಬರ್ದಿದ್ದೆ."

"ಅರವತ್ತೆರಡು," ಅಂತ ಹಾಸಿಗೆಯಿಂದ ಒಣಗಿದ ದನಿ ಬಂತು. "ನಿಂಗೆ ಎಷ್ಟು ಸಲ ಹೇಳ್ಲಿ?"